ಮುಂದಕ್ಕೆ ಹೋದ ಅರವತ್ತಮೂರು ಮದುವೆಗಳು

ನನಗೆ ಕೋಪ ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ 'ಈ ಝುಬೇರ್ ಯಾಕೆ ಹಿಂಗೆ ಎಗರಾಡ್ತಾನೆ' ಅನ್ನಬಾರದು. ಮಂಡ್ಯದ ಒಂದು ಕಾರು ಷೋರೂಮಿನಲ್ಲಿ ನಾನು ಡೆಮೊ ಕಾರಿನ ಡ್ರೈವರ್. ಕೊಳ್ಳುವ ಮನಸ್ಸಿರುವವರ ಬಾಗಿಲಿಗೆ ಕಾರು ತೆಗೆದುಕೊಂಡು ಹೋಗಿ, ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಒಂದು ದಿನವೂ ತಲೆ ತಗ್ಗಿಸಿಕೊಂಡು ವಾಪಸ್ಸು ಬಂದಿರಲಿಲ್ಲ, ಕೊಪ್ಪದಿಂದ ಬಂದ ಆ ದಿನ ಒಂದು ಬಿಟ್ಟು.

ಆದರೆ ಇದು ನನ್ನ ಕಥೆಯಲ್ಲ, ಸರಸಮ್ಮನವರದು.

ಸರಸಮ್ಮನವರಿಗೆ ಐವತ್ತಾರು ವರ್ಷ. ಷೋರೂಮಿನ ಗಾಜಿನ ಬಾಗಿಲು ದಾಟಿದ ಕೂಡಲೇ ಸಿಗುವ ಮೊದಲ ಮೇಜು ಅವರದು. ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬೂತು ಎತ್ತಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಹನ್ನೊಂದು ವರ್ಷದ ಹಿಂದೆ ಇಲ್ಲಿ ಬಂದು ಕೂತರು. ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಮದುವೆಯಾಗಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಫೋನು ಮಾಡಿದ ಪ್ರತಿಯೊಬ್ಬರನ್ನೂ ಅವರು ಕೇಳುತ್ತಿದ್ದುದು ಮೂರೇ ಪ್ರಶ್ನೆ. ನಮ್ಮ ಜಾಹೀರಾತು ಎಲ್ಲಿ ನೋಡಿದಿರಿ? ಕಾರು ಯಾರಿಗೆ? ಯಾವಾಗ ಬೇಕು? ಉತ್ತರವನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದರು. ಹಾಕಿ ಎಂದು ಯಾರೂ ಹೇಳಿರಲಿಲ್ಲ. ಹಾಕಿದ್ದನ್ನು ಯಾರೂ ಓದುತ್ತಲೂ ಇರಲಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಕೆಟ್ಟ ಮಾತು ಬಾಯಲ್ಲಿ ಬರುತ್ತಿರಲಿಲ್ಲ. ಬೈಗುಳವಲ್ಲ ನಾನು ಹೇಳುತ್ತಿರುವುದು, ಅಶುಭದ ಮಾತು. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾರೆ. ಬಳೆ ಒಡೆದರೆ 'ಹೆಚ್ಚಿತು'. ಬಾಗಿಲು ಮುಚ್ಚು ಎಂದು ಒಂದು ದಿನವೂ ಅಂದವರಲ್ಲ, 'ಬಾಗಿಲು ಮುಂದೆ ಮಾಡಪ್ಪ' ಎಂದೇ ಹೇಳುವುದು. ನಮ್ಮ ಮನೆಯಲ್ಲೂ ಹೊರಡುವವರು 'ಓಯ್ತೀನಿ' ಅನ್ನುವುದಿಲ್ಲ, 'ಬತ್ತೀನಿ' ಅನ್ನುತ್ತಾರೆ. ಹಾಗಾಗಿ ನನಗೆ ಅದು ವಿಚಿತ್ರವೆನಿಸಿರಲಿಲ್ಲ.

ನಮ್ಮ ಕಡೆ ಕಾರು ಮಾರಾಟದಲ್ಲಿ ಅರ್ಧ ಮದುವೆ ಕಾರು, ಹೆಣ್ಣಿನ ಮನೆಯವರು ಅಳಿಯನಿಗೆ ಕೊಡುವುದು. ಕೊಡಬಾರದು, ಕೇಳಬಾರದು ಎಂದು ಎಲ್ಲರಿಗೂ ಗೊತ್ತು. ಕೊಡುತ್ತಾರೆ, ಕೇಳುತ್ತಾರೆ. ಕೆಲವು ಮದುವೆ ಮುರಿಯುತ್ತವೆ, ಆಗ ಬುಕಿಂಗೂ ವಾಪಸ್ಸು. ಹುಡುಗಿಯ ತಾಯಿಯೋ ತಂದೆಯೋ ಫೋನು ಮಾಡಿ ಮಾತು ಹೊರಡದೆ ನಿಂತರೆ ಸರಸಮ್ಮನವರು 'ಬಿಡಿ, ಮುಂದಕ್ಕೆ ಹೋಗಿದೆ ಅಂತ ಬರ್ಕೋತೀನಿ' ಅನ್ನುತ್ತಿದ್ದರು. ಕಂಪ್ಯೂಟರಿನಲ್ಲಿ 'ಮದುವೆ ರದ್ದು' ಎಂದು ಒತ್ತುವ ಜಾಗವಿತ್ತು. ಅದನ್ನು ಬಿಟ್ಟು 'ಮುಂದೂಡಿಕೆ' ಒತ್ತಿ, ತಾರೀಖಿನ ಜಾಗ ಖಾಲಿ ಬಿಡುತ್ತಿದ್ದರು. ತಾರೀಖಿಲ್ಲದ ಮುಂದೂಡಿಕೆ ಕಂಡರೆ ಆ ಮನೆಗೆ ಫೋನು ಮಾಡಬಾರದು ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು.

ಸುಧೀಂದ್ರನಿಗೆ ಗೊತ್ತಿರಲಿಲ್ಲ.

ಜಾಹೀರಾತು ನೋಡಿಕೊಳ್ಳಲು ಯಜಮಾನರು ಈ ವರ್ಷ ತಂದು ಕೂರಿಸಿದ ಮನುಷ್ಯ ಸುಧೀಂದ್ರ. ದಡ್ಡನಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನಮ್ಮವರು ಊರೆಲ್ಲ ಫ್ಲೆಕ್ಸು ಕಟ್ಟಿಸುತ್ತಿದ್ದರು, ಆಟೋದಲ್ಲಿ ಮೈಕು ಕೂಗಿಸುತ್ತಿದ್ದರು, ಪೇಪರಿನೊಳಗೆ ಚೀಟಿ ಇಡಿಸುತ್ತಿದ್ದರು. ಯಾವುದನ್ನು ನೋಡಿ ಯಾರು ಬಂದರು ಎಂದು ಲೆಕ್ಕ ಇಟ್ಟವರಿಲ್ಲ. ಸುಧೀಂದ್ರ ಬಂದವನೇ ಸರಸಮ್ಮನವರ ಹನ್ನೊಂದು ವರ್ಷದ ಬರಹ ತೆರೆದು ನೋಡಿದ. ಮಳವಳ್ಳಿಯಲ್ಲಿ ಚೀಟಿ ನೋಡಿ ಒಂದು ಪಿಳ್ಳೆಯೂ ಬಂದಿಲ್ಲ, ಹೆದ್ದಾರಿಯ ದೊಡ್ಡ ಬೋರ್ಡು ಓದುವವರು ಮಂಡ್ಯದಲ್ಲಿ ಇಳಿಯುವುದೇ ಇಲ್ಲ ಎಂದು ಎರಡೇ ದಿನದಲ್ಲಿ ತೋರಿಸಿದ. 'ಮೇಡಂ, ಇದು ಚಿನ್ನ ಕಣ್ರೀ' ಎಂದು ಅವರ ಮೇಜಿನ ಮುಂದೆ ನಿಂತು ಕೈ ಮುಗಿದ. ಸರಸಮ್ಮನವರ ಮುಖ ಅಷ್ಟು ಅರಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದನ್ನು ನೆನೆಸಿಕೊಂಡರೆ ಈಗ ಹೊಟ್ಟೆ ಉರಿಯುತ್ತದೆ.

ಆ ಚಿನ್ನವನ್ನು ಅವನು ಗುಂಪು ಗುಂಪಾಗಿ ವಿಂಗಡಿಸಿದ. ಶ್ರಾವಣ ಹುಟ್ಟುವ ಮೊದಲು 'ಮದುವೆ ಮುಂದೂಡಿಕೆ' ಎಂಬ ಗುಂಪು ಕಣ್ಣಿಗೆ ಬಿತ್ತು. ಈಚಿನ ಎರಡು ಮೂರು ವರ್ಷದ್ದೇ ಅರವತ್ತಮೂರು ಮನೆ. ಹುಡುಗ ಗೊತ್ತಾಗಿದ್ದಾನೆ, ಕಾರು ಗೊತ್ತಾಗಿದೆ, ಮುಹೂರ್ತ ಒಂದೇ ಬಾಕಿ! ಇದಕ್ಕಿಂತ ಹಣ್ಣಾದ ಗಿರಾಕಿಗಳು ಎಲ್ಲಿ ಸಿಗುತ್ತಾರೆ? ಆ ಮನೆಗಳ ಸುತ್ತ ಎರಡೆರಡು ಕಿಲೋಮೀಟರು ಗೆರೆ ಎಳೆದು, ಅದರೊಳಗಿರುವ ಎಲ್ಲರ ಫೋನಿನಲ್ಲೂ 'ನಿಮ್ಮೂರಿನ ಮದುವೆ ಮನೆಗೆ ಹೊಸ ಕಾರು ಬರುತ್ತಿದೆ' ಎಂಬ ಜಾಹೀರಾತು ಬರುವ ಹಾಗೆ ಮಾಡಿದ. ಅದರ ಹಿಂದೆಯೇ ರಿಬ್ಬನ್ನು ಕಟ್ಟಿದ ಕಾರು ಬಾಗಿಲಿಗೆ ಹೋಗಿ ನಿಲ್ಲಬೇಕು.

ಮೊದಲ ಮನೆ ನಮ್ಮ ಮಂಡ್ಯ ಜಿಲ್ಲೆಯ ಕೊಪ್ಪದ ಚಲುವಮ್ಮನದು. ನನಗೆ ಕೊಟ್ಟ ಚೀಟಿಯಲ್ಲಿ ಹೆಸರು, ಬೀದಿ ಎರಡೇ ಇತ್ತು. ನಾನಾದರೂ ಒಂದು ಮಾತು ಸರಸಮ್ಮನವರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ. ಬಾನೆಟ್ಟಿನ ಮೇಲೆ ಕೆಂಪು ರಿಬ್ಬನ್ನು, ಸೇವಂತಿಗೆ ಹಾರ, ಗಾಜಿನ ಮೇಲೆ ದೊಡ್ಡಕ್ಷರದಲ್ಲಿ 'ದೀಪಿಕ ಅವರ ಮದುವೆಗೆ ಶುಭಾಶಯಗಳು. ಅಳಿಯಂದಿರ ಕಾರು ಸಿದ್ಧ!' ಡೇರಿ ಪಕ್ಕದ ಬೀದಿಯಲ್ಲಿ ನಿಲ್ಲಿಸಿ ಹಾರನ್ನು ಹೊಡೆದೆ. ಕೊಟ್ಟಿಗೆಯಿಂದ ಚಲುವಮ್ಮ ಸಗಣಿ ಕೈಯಲ್ಲೇ ಬಂದಳು. ಕಾರು ನೋಡಿದಳು, ನನ್ನನ್ನು ನೋಡಿದಳು.

"ಯಾವನ್ಲಾ ನೀನು? ಯಾವನು ಕಳ್ಸಿದ್ದು ನಿನ್ನ?"

"ಷೋರೂಮಿಂದ ಕಣಮ್ಮ. ಮದ್ವೆ ಕಾರು..."

"ಮದ್ವೆ ನಿಂತು ಆರು ತಿಂಗ್ಳಾಯ್ತಲ್ಲೋ! ಮೂರು ದಿನದಿಂದ ಡೇರಿಗೆ ಓದ್ರೆ ಒಬ್ಬೊಬ್ರೂ ಫೋನ್ ತಗ್ದು ತೋರುಸ್ತಾವ್ರೆ, 'ಚಲುವಕ್ಕ, ನಿಮ್ಮನೆಗೆ ಕಾರು ಬತ್ತದಂತೆ' ಅಂತ. ಸಾಲ್ದು ಅಂತ ಈಗ ಕಾರನ್ನೇ ತಂದು ನಿಲ್ಸಿದ್ದೀಯ. ಒಟ್ಟೆಗೆ ಅನ್ನ ತಿಂತೀರೇನ್ಲಾ ನೀವು? ತಗಂಡೋಗು ಇದ್ನ, ಕಲ್ಲು ಎತ್ತಾಕ್ಬುಡ್ತೀನಿ!"

ಬೀದಿಯ ಜನವೆಲ್ಲ ಹೊರಗೆ ಬಂದಿತ್ತು. ಯಾರೋ ಒಬ್ಬ ಗಾಜಿನ ಮೇಲಿದ್ದುದನ್ನು ಜೋರಾಗಿ ಓದಿದ. ಬಾಗಿಲಲ್ಲಿ ಒಂದು ಹುಡುಗಿ ನಿಂತಿದ್ದಳು, ಅವಳೇ ದೀಪಿಕ ಎಂದು ಗೊತ್ತಾಯಿತು. ಕಾರನ್ನು ಹಿಂದಕ್ಕೆ ತೆಗೆದು, ಊರ ಹೊರಗೆ ಕಬ್ಬಿನ ಗದ್ದೆ ಪಕ್ಕ ನಿಲ್ಲಿಸಿ, ಆ ಅಕ್ಷರಗಳನ್ನು ಉಗುರಿನಲ್ಲಿ ಕೆರೆದೆ. ಅರ್ಧ ಬಂತು, ಅರ್ಧ ಅಂಟಿಕೊಂಡೇ ಇತ್ತು.

ಷೋರೂಮಿಗೆ ಬಂದವನು ಸೀದಾ ಸುಧೀಂದ್ರನ ಮೇಜಿಗೆ ಹೋಗಿ ರಿಬ್ಬನ್ನು ಎಸೆದೆ. "ಮುರಿದ ಮದುವೆ ಮನೆಗೆ ಹಾರ ಹಾಕಿ ಕಳಿಸ್ತೀರಲ್ರೀ, ಒಂದು ಫೋನ್ ಮಾಡಿ ಕೇಳೋಕೆ ಏನಾಗಿತ್ತು ನಿಮಗೆ ದೊಡ್ಡ ರೋಗ?"

"ಕೂಗಾಡಬೇಡಿ ಝುಬೇರ್. ಡೇಟಾದಲ್ಲಿ ಮುಂದೂಡಿಕೆ ಅಂತಾನೇ ಇದೆ. ತಪ್ಪು ಬರೆದವರನ್ನ ಕೇಳಿ."

ಯಜಮಾನರು ಕ್ಯಾಬಿನ್ನಿಂದ ಹೊರಗೆ ಬಂದರು. ಇಬ್ಬರ ಮಾತೂ ಕೇಳಿ, ತೀರ್ಪು ಮಾತ್ರ ಸರಸಮ್ಮನವರಿಗೆ ಕೊಟ್ಟರು. ಶನಿವಾರ ಸಂಜೆಯೊಳಗೆ ಅರವತ್ತಮೂರು ಮನೆಗೂ ನಿಜವಾದ ಕಾರಣ ಬರೆದು ಸರಿಮಾಡಬೇಕು. ಇಲ್ಲದಿದ್ದರೆ ಸೋಮವಾರದಿಂದ ಉಳಿದ ಅರವತ್ತೆರಡು ಬಾಗಿಲಿಗೂ ಕಾರು ಹೋಗುತ್ತದೆ, ಸರಸಮ್ಮನವರ ಮೇಜಿಗೆ ಬೇರೆಯವರು ಬರುತ್ತಾರೆ.

"ತಪ್ಪು ನಂದೇ" ಎಂದರು ಸರಸಮ್ಮನವರು. ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ಊರಿನ ಹೆಣ್ಣುಮಕ್ಕಳ ಮಾನ ಕಾಪಾಡಿದ್ದು ತಪ್ಪಂತೆ! ಹಾಗೆಂದು ಕೂಗಿದೆ ಕೂಡ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ನಾಳೆ ನನ್ನ ಕೊಪ್ಪಕ್ಕೆ ಕರ್ಕೊಂಡು ಹೋಗ್ತೀಯೇನಪ್ಪ?" ಎಂದರು.

ಮಾರನೆಯ ದಿನ ಬೈಕಿನಲ್ಲಿ ಒಂದೇ ಕಡೆ ಕಾಲು ಹಾಕಿಕೊಂಡು, ತೊಡೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡು ಬಂದರು. ಚಲುವಮ್ಮ ನನ್ನ ಮುಖ ಕಂಡು ಪೊರಕೆಗೆ ಕೈ ಹಾಕಿದಳು. ಸರಸಮ್ಮನವರು ನಡುವೆ ನಿಂತರು.

"ಅವನನ್ನ ಬಿಡಿ ತಾಯಿ, ಬರೆದವಳು ನಾನು. ಅಶುಭದ ಮಾತು ನಿಮ್ಮ ಮಗಳ ಹೆಸರಿನ ಮುಂದೆ ಯಾಕೆ ಅಂತ ಮುಂದಕ್ಕೆ ಹೋಗಿದೆ ಅಂತ ಬರೆದೆ. ಒಳ್ಳೇದಕ್ಕೇ ಅಂದ್ಕೊಂಡಿದ್ದೆ."

ಒಳಗಿಂದ ದೀಪಿಕ ಬಂದಳು. ನಿನ್ನೆ ತುಟಿ ಬಿಚ್ಚದ ಹುಡುಗಿ ಇವತ್ತು ಬಿಡಲಿಲ್ಲ.

"ಮುಂದಕ್ಕೋಗದೆ ಅಂತ ನಿಮ್ಗೆ ಯೋಳ್ದೋರು ಯಾರಮ್ಮ? ಮದ್ವೆ ನಿಂತಿಲ್ಲ, ನಾನೇ ನಿಲ್ಸಿದ್ದು. ನಮ್ಮವ್ವ ಅಸ ಸಾಕಿ ಚಿಕ್ಕ ಕಾರು ಬುಕ್ ಮಾಡಿದ್ಲು. ಮದ್ವೆಗೆ ಎಲ್ಡು ವಾರ ಇರುವಾಗ ಆ ಮಳವಳ್ಳಿ ಉಡುಗ ಫೋನ್ ಮಾಡಿ, ಇದ್ರಲ್ಲಿ ಓದ್ರೆ ಸ್ನೇಹಿತ್ರು ನಗ್ತಾರೆ, ಮೇಲ್ಗಡೆ ತೆರ್ಕೊಳ್ಳೋ ಕಾರು ಕೊಡ್ಸಿ ಅಂದ. ಇವ್ಳು ಇನ್ನೆಲ್ಡು ಅಸ ಮಾರ್ತೀನಿ ಅಂತ ಒಂಟ್ಳು. ನಾನು ಫೋನ್ ಇಸ್ಕೊಂಡು, ಕಾರನ್ನೇ ಮದ್ವೆ ಆಗಯ್ಯ ಅಂದು ಮಡಗ್ದೆ."

ಸರಸಮ್ಮನವರು ಬಾಳೆಹಣ್ಣಿನ ಚಿಪ್ಪನ್ನು ಜಗಲಿಯ ಮೇಲಿಟ್ಟರು.

"ಇದ್ರಲ್ಲಿ ಅಸುಭ ಏನದೆ? ನಾನು ಉಟ್ಟಿದ್ಮೇಲೆ ಮಾಡಿದ್ ಒಂದು ಒಳ್ಳೆ ಕೆಲ್ಸ ಅದು. ನೀವು ಅದ್ನ ಮುಚ್ಚಾಕಿ ಮುಂದಕ್ಕೋಗದೆ ಅಂತ ಬರ್ದ್ರೆ, ಇವ್ಳಿನ್ನೂ ಅವನಿಗೇ ಕಾಯ್ತಾ ಕೂತವ್ಳೆ ಅಂತ ತಿಳ್ಕೊಳಲ್ವಾ ಊರೋರು? ಕಾರು ಬಂದಿದ್ಕಿಂತ ನಂಗೆ ಅದು ಉರೀತದೆ."

ನನ್ನ ಕೋಪಕ್ಕೆ ಯಾರೋ ನೀರು ಎರಚಿದ ಹಾಗಾಯಿತು. ಈ ದಿಕ್ಕಿನಿಂದ ನಾನು ಯೋಚಿಸಿಯೇ ಇರಲಿಲ್ಲ.

"ಏನಂತ ಬರೀಲಿ, ನೀನೇ ಹೇಳಮ್ಮ" ಎಂದರು ಸರಸಮ್ಮನವರು.

"ಉಡುಗಿ ಬ್ಯಾಡ ಅಂದ್ಲು ಅಂತ ಬರೀರಿ."

ಬರುವಾಗ ನಾಲೆಯ ಸೇತುವೆ ಮೇಲೆ ಬೈಕು ನಿಲ್ಲಿಸು ಎಂದರು. ನೀರು ನೋಡುತ್ತಾ ತಾವಾಗಿಯೇ ಹೇಳಿದರು.

"ನನಗೂ ನಿಶ್ಚಿತಾರ್ಥ ಆಗಿತ್ತು ಕಣೋ, ತೊಂಬತ್ನಾಲ್ಕನೇ ಇಸವಿಯಲ್ಲಿ. ಹುಡುಗ ಸ್ಕೂಟರ್ ಬೇಕು ಅಂದ. ಅಪ್ಪ ಮುಂದಿನ ವರ್ಷ ಕೊಡಿಸ್ತೀನಿ ಅಂದ್ರು. ಹಾಗಾದ್ರೆ ಮದುವೆನೂ ಮುಂದಿನ ವರ್ಷ ಇಟ್ಕೊಳ್ಳೋಣ ಅಂದ್ರು ಅವರು. ಕೇಳಿದವರಿಗೆಲ್ಲ ಅಮ್ಮ ಮುಂದಕ್ಕೆ ಹೋಗಿದೆ ಅಂತಲೇ ಹೇಳಿದ್ಲು. ನನಗೂ ಹಾಗೇ ಹೇಳಿದ್ಲು. ಇಲ್ಲ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ. ಅವನಿಗೆ ಮೊಮ್ಮಕ್ಕಳಾಗಿವೆಯಂತೆ."

ಆ ಸ್ಕೂಟರಿನವನು ಎದುರಿಗೆ ಸಿಕ್ಕಿದ್ದರೆ ನಾಲೆಗೆ ನೂಕುತ್ತಿದ್ದೆ.

ಶುಕ್ರವಾರ, ಶನಿವಾರ ಎರಡೂ ದಿನ ಸರಸಮ್ಮನವರು ಊಟಕ್ಕೂ ಏಳದೆ ಫೋನು ಮಾಡಿದರು. ಎಲ್ಲರಿಗೂ ಒಂದೇ ಮಾತು: 'ನಿಮ್ಮ ಮನೆಯದನ್ನ ನಾನು ಸುಳ್ಳು ಬರೆದುಬಿಟ್ಟಿದ್ದೀನಿ. ಏನಂತ ಬರೀಲಿ, ನೀವೇ ಹೇಳಿ.' ಕೆಲವರು ಬಾಯಿಗೆ ಬಂದಂತೆ ಬೈದರು, ಕೆಲವರು ಕಟ್ ಮಾಡಿದರು, ಮತ್ತೆ ಮಾಡಿದರು ಇವರು. ಬಂಡೂರಿನ ಒಬ್ಬ ತಂದೆ ಅರ್ಧ ಗಂಟೆ ಅತ್ತ. ಬೆಸಗರಹಳ್ಳಿಯ ಒಂದು ಮನೆಯಲ್ಲಿ ಬೇರೆ ಹುಡುಗನ ಜೊತೆ ಮದುವೆಯಾಗಿ ಮಗುವೂ ಆಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಪ್ರತಿ ಮನೆಯ ಮುಂದೆಯೂ 'ಜಾಹೀರಾತು ಬೇಡ' ಎಂಬ ಗುರುತು ಒತ್ತಿದರು. ಆ ಗುರುತು ಬಿದ್ದ ಮನೆಗೆ ಏನೂ ಹೋಗಬಾರದು ಎಂಬ ನಿಯಮ ಸುಧೀಂದ್ರನೇ ಮಾಡಿದ್ದು.

ಶನಿವಾರ ಸಂಜೆ ಸುಧೀಂದ್ರ ಹಿಂದೆ ನಿಂತು ಪರದೆ ಓದಿದ. ಓದುತ್ತಾ ಓದುತ್ತಾ ಅವನ ಕಣ್ಣು ಹೊಳೆಯಿತು.

"ಹುಡುಗಿ ಬೇಡ ಅಂದಿರೋದೇ ಹದಿನಾಲ್ಕು ಮನೆ! ಮೇಡಂ, ಇದು ಒಳ್ಳೆ ಗುಂಪು ಕಣ್ರೀ. ಆ ಗುರುತು ತೆಗೀರಿ. ಇವರಿಗೆ ಬೇರೆ ಜಾಹೀರಾತು ಮಾಡೋಣ, 'ಅಳಿಯನಿಗಲ್ಲ, ಮಗಳಿಗೆ' ಅಂತ..."

ನಾನು ಕುರ್ಚಿ ತಳ್ಳಿ ಎದ್ದೆ. ಅಷ್ಟರಲ್ಲಿ ಸರಸಮ್ಮನವರೇ ಎದ್ದು ನಿಂತಿದ್ದರು.

"ಬಾಯಿ ಮುಚ್ಚೋ!"

ಇಡೀ ಷೋರೂಮು ತಿರುಗಿ ನೋಡಿತು. ಯಜಮಾನರು ಕ್ಯಾಬಿನ್ನಿನ ಬಾಗಿಲಿಗೆ ಬಂದು ಅಲ್ಲೇ ನಿಂತರು. ಹನ್ನೊಂದು ವರ್ಷದಲ್ಲಿ ಆ ಬಾಯಲ್ಲಿ 'ಮುಚ್ಚು' ಎಂಬ ಪದ ನಾವು ಕೇಳಿರಲಿಲ್ಲ.

"ಅವರು ಅದನ್ನ ನನಗೆ ಹೇಳಿದ್ದು. ನಿನ್ನ ಕಾರು ಮಾರೋಕೆ ಹೇಳಿದ್ದಲ್ಲ. ಒಂದು ಗುರುತು ಮುಟ್ಟಿ ನೋಡು, ಅರವತ್ತಮೂರು ಮನೆಯವರನ್ನೂ ಕರೆದು ಈ ಬಾಗಿಲಲ್ಲಿ ಕೂರಿಸ್ತೀನಿ."

ಸುಧೀಂದ್ರ ಯಜಮಾನರ ಮುಖ ನೋಡಿದ. ಯಜಮಾನರು ತಿರುಗಿ ಒಳಗೆ ಹೋದರು. ಸೋಮವಾರ ನನ್ನ ಕಾರು ಎಲ್ಲಿಗೂ ಹೋಗಲಿಲ್ಲ.

ಆ ಶನಿವಾರ ಸರಸಮ್ಮನವರು ಮನೆಗೆ ಹೊರಟ ಮೇಲೆ ಕಂಪ್ಯೂಟರ್ ಆಫ್ ಮಾಡಲು ನಾನು ಆ ಮೇಜಿಗೆ ಹೋದೆ. ಪಟ್ಟಿ ತೆರೆದೇ ಇತ್ತು. ಅರವತ್ತಮೂರರ ಕೆಳಗೆ ಇನ್ನೊಂದು ಸಾಲು ಹೊಸದಾಗಿ ಸೇರಿತ್ತು. ಹೆಸರು: ಸರಸಮ್ಮ, ಮಂಡ್ಯ. ವಾಹನ: ಸ್ಕೂಟರ್. 'ಮದುವೆ ರದ್ದು' ಎಂಬ ಜಾಗ ಒತ್ತಿದ್ದರು. ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದರು: 'ಹುಡುಗಿ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.'