ಎಲಾದಿಯಾಳ ಮಣಿಕಟ್ಟಿನ ಗುಳಿ

ಎಲಾದಿಯಾ ಹುಟ್ಟುವಾಗ ತಲೆ ಹೊರಗೆ ಬಂದು ಭುಜ ಒಳಗೇ ಸಿಕ್ಕಿಕೊಂಡಿತ್ತು. ನೋವು ತಾಳಲಾರದೆ ತಾಯಿ ಪೆತ್ರೋನಾ, ಎಳೆದುಬಿಡು ಎಂದು ಸೂಲಗಿತ್ತಿಗೆ ಗೋಗರೆದಳು. ಸೂಲಗಿತ್ತಿ ಎಳೆದಳು. ಮಗು ಉಳಿಯಿತು, ಕತ್ತಿನಿಂದ ಬಲಗೈಗೆ ಇಳಿಯುವ ನರಗಳು ಹರಿದವು. ಆ ಕೈ ಮೇಲೇಳಲಿಲ್ಲ. ಅಂಗೈ ಹಿಂದಕ್ಕೆ ತಿರುಗಿಕೊಂಡು, ಎಡಗೈಗಿಂತ ನಾಲ್ಕು ಬೆರಳು ಗಿಡ್ಡವಾಗಿಯೇ ಬೆಳೆಯಿತು. ಪೆತ್ರೋನಾ ಮಗಳ ಪ್ರತಿಯೊಂದು ರವಿಕೆಗೂ ಬಲತೋಳನ್ನು ಬೆರಳು ಮುಚ್ಚುವಷ್ಟು ಉದ್ದ ಹೊಲಿದಳು. ಪರಾಗ್ವೆಯ ಜನವರಿ ಸೆಕೆಯಲ್ಲೂ ಆ ತೋಳು ಇಳಿದೇ ಇರುತ್ತಿತ್ತು.

ಆ ಕೈ ಇಟ್ಟುಕೊಂಡೇ ಎಲಾದಿಯಾ ಚೀಪಾ ಎಂಬ ಬಳೆಯಂಥ ರೊಟ್ಟಿ ಸುಟ್ಟು ಮಾರಲು ನಿಂತಳು. ಅದೇನು ಸಣ್ಣ ಕೆಲಸವಲ್ಲ. ಮರಗೆಣಸಿನ ಹಿಟ್ಟಿಗೆ ಚೀಸು, ಹಂದಿಕೊಬ್ಬು, ಮೊಟ್ಟೆ, ಸೋಂಪು ಹಾಕಿ ನಾದುವಷ್ಟರಲ್ಲಿ ಎರಡು ಕೈ ಇದ್ದವರೇ ಉಸ್ಸಪ್ಪಾ ಎನ್ನುತ್ತಾರೆ. ಇವಳು ಹಲ್ಲಿನಿಂದ ರವಿಕೆಯ ತೋಳನ್ನು ಮೇಲೆಳೆದುಕೊಂಡು, ಎಡಮುಷ್ಟಿಯಿಂದ ನಾದಿ, ಬಲಗೈ ಮೇಲೆ ಮೈಭಾರ ಹಾಕಿ ಒತ್ತುತ್ತಿದ್ದಳು. ಬಳೆಯಾಕಾರಕ್ಕೆ ಸುತ್ತಿದ ಹಿಟ್ಟಿನ ತುದಿಗಳನ್ನು ಆ ತಿರುಚಿದ ಮಣಿಕಟ್ಟಿನಿಂದಲೇ ಅದುಮಿ ಕೂಡಿಸುತ್ತಿದ್ದಳು. ಹಾಗಾಗಿ ಅವಳ ಪ್ರತಿ ಚೀಪಾದ ಮೇಲೂ ಓರೆಯಾದ ಒಂದು ಗುಳಿ ಬೀಳುತ್ತಿತ್ತು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅಸುನ್ಸಿಯೋನ್ ಬಸ್ಸು ಹತ್ತಿದರೆ, ಗುಳಿಯದ್ದೇ ಕೊಡು ಎಂದು ಡ್ರೈವರುಗಳು ಕೇಳಿ ತಿನ್ನುತ್ತಿದ್ದರು.

ಅವಳಿಗೆ ಮೂವತ್ತೆಂಟು ತುಂಬಿದ ವರ್ಷ ತೆರಿಗೆ ನಿಯಮ ಬದಲಾಯಿತು. ಬೀದಿಯಲ್ಲಿ ಮಾರುವವರೂ ಹೆಸರು ಬರೆಸಬೇಕು. ಒಬ್ಬರೇ ದುಡಿಯುವವರಿಗೆ ತಿಂಗಳಿಗೆ ಅಷ್ಟಿಷ್ಟು ಕಟ್ಟಿದರೆ ಮುಗಿಯಿತು. ಆಳು ಇಟ್ಟುಕೊಂಡವರಿಗೆ ಮೇಲಿನ ದರ. ಆ ಮೇಲಿನ ದರ ಎಲಾದಿಯಾಳ ತಲೆಗೆ ಬಿದ್ದರೆ ಬುಟ್ಟಿ ಮೂಲೆಗಿಡುವುದೇ ಸರಿ.

ಕಚೇರಿಯ ಗುಮಾಸ್ತ ಲಿಬ್ರಾದೊ ಕೆಟ್ಟವನಲ್ಲ. ಅರ್ಜಿ ನೋಡಿದ, ಇಳಿಬಿದ್ದ ತೋಳು ನೋಡಿದ, ಅಮ್ಮಾ ಎನ್ನುವಂತೆ ಮರ್ಯಾದೆಯ 'ಞಾ' ಸೇರಿಸಿಯೇ ಮಾತಾಡಿದ.

"ಞಾ ಎಲಾದಿಯಾ, ಬೇಜಾರ್ ಮಾಡ್ಕೋಬೇಡಿ. ಈ ಕೈಯಲ್ಲಿ ದಿನಕ್ಕೆ ಇನ್ನೂರ ನಲವತ್ತು ಚೀಪಾ ಅಂದ್ರೆ ಯಾರು ನಂಬ್ತಾರೆ? ಮನೇಲಿ ಆಳು ಇದಾರೆ, ನೀವು ಹೇಳ್ತಿಲ್ಲ."

ಎಲಾದಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಪಾಪ ಅನ್ನಿಸಿಕೊಂಡು ಅಭ್ಯಾಸವಿತ್ತು, ಕಳ್ಳಿ ಅನ್ನಿಸಿಕೊಂಡು ಇರಲಿಲ್ಲ.

"ಬುಧವಾರ ಬೆಳಗ್ಗೆ ಒಲೆ ಹತ್ರ ಬನ್ನಿ ಸ್ವಾಮಿ," ಎಂದಳು. "ಗುಳಿ ಇಲ್ಲದ್ದು ಒಂದು ಸಿಕ್ಕಿದ್ರೂ ಮೇಲಿನ ದರಾನೇ ಬರ್ಕೊಳ್ಳಿ."

ಲಿಬ್ರಾದೊ ಬರುವ ಹೊತ್ತಿಗೆ ಮಣ್ಣಿನ ಒಲೆ ಕಾದಿತ್ತು, ಅವಳು ನಾದುತ್ತಿದ್ದಳು. ತನಗೆ ಕೊಟ್ಟ ಕೊಸಿದೊ ಚಹಾ ಕುಡಿಯುವುದನ್ನೂ ಮರೆತು ಅವನು ನೋಡುತ್ತ ಕುಳಿತ. ಒಮ್ಮೆ ತನ್ನ ಕೈಯನ್ನೇ ತಿರುಚಿ, ಒಂದು ಹಿಟ್ಟಿನ ಉಂಡೆಯ ಮೇಲೆ ಆ ಗುಳಿ ಮೂಡಿಸಲು ನೋಡಿದ. ಮಣಿಕಟ್ಟು ಆ ಕಡೆ ತಿರುಗಲೇ ಇಲ್ಲ.

ಆದರೆ ಬಾಳೆಎಲೆಯ ಮೇಲಿಂದ ಚೀಪಾಗಳನ್ನು ಎತ್ತಿ ಒಲೆಗಿಡುವಾಗ ಎಲಾದಿಯಾಳ ಕೈ ನಿಂತಿತು. ಮೂಲೆಯಲ್ಲಿ ಐದು ನುಣ್ಣಗಿದ್ದವು. ಎಷ್ಟು ಅಂದವಾಗಿ ಸುತ್ತಿದ್ದವೆಂದರೆ, ಯಾರ ಕೈಯವೆಂದು ಅವಳಿಗೆ ಕೂಡಲೇ ತಿಳಿಯಿತು. ಬೇಲಿಯ ಬಳಿ ಪೆತ್ರೋನಾ ಹಿಟ್ಟಾದ ಬೆರಳುಗಳನ್ನು ಉಟ್ಟ ಲಂಗದಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಲೆಕ್ಕ ಕಡಿಮೆ ಬಿದ್ದರೆ ಮಗಳ ಮಾನ ಹೋಗುತ್ತದೆಂದು ಮುದುಕಿಗೆ ಜೀವ ತಡೆದಿರಲಿಲ್ಲ. ಲಿಬ್ರಾದೊ ಇನ್ನೂ ಅವನ್ನು ಕಂಡಿರಲಿಲ್ಲ. ಒಂದು ಸಲ ಮಣಿಕಟ್ಟು ಒತ್ತಿದ್ದರೆ ಐದೂ ಅವಳವೇ ಆಗುತ್ತಿದ್ದವು.

ಅವಳು ಒತ್ತಲಿಲ್ಲ. ಐದನ್ನೂ ಎತ್ತಿ ಅವನ ಮುಂದಿಟ್ಟಳು.

"ಇವು ನನ್ನವಲ್ಲ ಸ್ವಾಮಿ. ಉಳಿದವೆಲ್ಲ ನನ್ನವು."

ಪೆತ್ರೋನಾ ಬೇಲಿ ಬಿಟ್ಟು ಮುಂದೆ ಬಂದಳು.

"ನಾನೇ ಮಾಡ್ದೆ ಸ್ವಾಮಿ. ಆವತ್ತು ತಡ್ಕೊಳ್ಳಕ್ಕಾಗ್ದೆ ಎಳಿ ಅಂದೋಳೂ ನಾನೇ. ಇವತ್ತೂ ತಡ್ಕೊಳ್ಳಕ್ಕಾಗ್ಲಿಲ್ಲ. ಅವಳಿಗೆ ನನ್ ಕೈ ಬೇಕಾಗೇ ಇಲ್ಲ, ಯಾವತ್ತೂ ಬೇಕಾಗಿರ್ಲಿಲ್ಲ."

ಲಿಬ್ರಾದೊ ಎದ್ದು ಒಂದೊಂದೇ ಎಣಿಸಿದ. ಇನ್ನೂರ ನಲವತ್ತು, ಎಲ್ಲದರ ಮೇಲೂ ಓರೆ ಗುಳಿ. ಆ ಐದನ್ನು ತಾಯಿಪ್ರೀತಿಯ ಲೆಕ್ಕಕ್ಕೆ ಹಾಕಿ, ದುಡಿಯುವವರು ಎಷ್ಟು ಜನ ಎಂಬಲ್ಲಿ 'ಒಬ್ಬಳೇ' ಎಂದು ಬರೆದು ಸಹಿ ಹಾಕಿದ. ಹೋಗುವಾಗ ಬಿಸಿಬಿಸಿ ಒಂದು ಕೊಂಡ. ಗುಳಿಯದ್ದೇ ಆಗಬೇಕೆಂದು ಕೇಳಿ ತೆಗೆದುಕೊಂಡ.

ಎಲಾದಿಯಾ ಬುಟ್ಟಿಗೆ ಬಿಳಿ ಬಟ್ಟೆ ಹೊದಿಸಿ ಬಸ್ಸಿಗೆ ಹೊರಟಳು. ಎಂದಿನಂತೆ ಮಗಳ ರವಿಕೆಯ ತೋಳು ಇಳಿಸಲು ಪೆತ್ರೋನಾ ಹತ್ತಿರ ಬಂದಳು. ಆದರೆ ಅವಳ ಕೈಯಲ್ಲಿ ಕತ್ತರಿಯಿತ್ತು. ಮೊಣಕೈಯ ಮೇಲಕ್ಕೆ ಸರಿಯಾಗಿ ಅಳತೆ ಹಿಡಿದು, ರವಿಕೆಯ ಆ ಉದ್ದ ತೋಳನ್ನು ಸುತ್ತಲೂ ಕತ್ತರಿಸಿ ತೆಗೆದಳು.

"ಹೋಗ್ ಬಾ ಮಗಳೇ," ಎಂದಳು. "ಎಲ್ರೂ ನೋಡ್ಲಿ."