ಬೋಧಕರ ಹೆಸರಿನ ಚೌಕ

ಸಮುದಾಯ ಕಾಲೇಜಿನ ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪಾನಾ ಅಕ್ಕ ಅಂತ. ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಇಲ್ಲದ ಅಕ್ಕನನ್ನು ಕಂಡವರಿಲ್ಲ. ಹುದ್ದೆ ಸಹಾಯಕಿಯದು, ಕೆಲಸ ಪಾಠ ಹೇಳುವುದು. ಪಂಪು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತರಾಗಿ ಆರು ವರ್ಷ. ಅವರ ಕುರ್ಚಿಯನ್ನು ಅವಳು ದಿನಾ ಒರೆಸುತ್ತಾಳೆ. ಕೂತಿದ್ದು ಒಂದು ದಿನವೂ ಇಲ್ಲ.

ಈ ಸಲ ಪ್ರಿನ್ಸಿಪಾಲರ ತಲೆಗೆ ಆಗ್ಮೆಂಟೆಡ್ ರಿಯಾಲಿಟಿ ಹೊಕ್ಕಿತ್ತು. ಒಂದು ಕನ್ನಡಕ ಹಾಕಿಕೊಂಡರೆ ಎದುರಿಗಿರುವ ನಿಜವಾದ ಪಂಪಿನ ಮೇಲೆಯೇ ಬಾಣ ತೇಲಿ ಬಂದು, ಯಾವ ಬೋಲ್ಟು ಮೊದಲು ಅಂತ ತೋರಿಸುತ್ತದಂತೆ. ಆ ತರಬೇತಿಗೆ ಕಾಲೇಜು ತಯಾರಿದೆಯೇ ಎಂದು ನೋಡಲು ಸಮಿತಿ ಬರುವುದಿತ್ತು.

"ಒಪ್ಪಿಗೆ ಸಿಗಲಿ, ಬೋಧಕರ ಜಾಗದಲ್ಲಿ ನಿನ್ನ ಹೆಸರೇ," ಅಂದರು ಪ್ರಿನ್ಸಿಪಾಲರು. ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ.

ತಯಾರಿ ಅಂದರೆ ಪ್ರಿನ್ಸಿಪಾಲರಿಗೆ ಗೊತ್ತಿದ್ದದ್ದು ಒಂದೇ, ಬಣ್ಣ. ಗೋಡೆಗೆ ಬಳಿಸಿದರು, ಹೂಕುಂಡಕ್ಕೆ ಬಳಿಸಿದರು, ಡಬ್ಬದಲ್ಲಿ ಉಳಿದ ಬೆಳ್ಳಿ ಬಣ್ಣವನ್ನು ಪಂಪಿಗೂ ಹೊಡೆಸಿದರು.

"ಸರ್, ಇದಕ್ಯಾಕೆ?"

"ಸಮಿತಿ ಕಣ್ಣಿಗೆ ತುಕ್ಕು ಬೀಳಬಾರದಮ್ಮ."

ಸಮಿತಿ ಅಂದರೆ ಇಬ್ಬರು: ಬೂಟಿನಲ್ಲಿ ಮುಖ ಕಾಣುವಷ್ಟು ಪಾಲಿಶ್ ಮಾಡಿಸಿದ್ದ ಅಧಿಕಾರಿ ಮತ್ತು ಟ್ಯಾಬ್ ಹಿಡಿದ ತರುಣಿ. ಅಧಿಕಾರಿ ತಾವು ತಂದಿದ್ದ ಆ ಕನ್ನಡಕ ಏರಿಸಿ ಪಂಪಿನ ಮುಂದೆ ನಿಂತರು, ಬಗ್ಗಿದರು, ಸುತ್ತು ಹಾಕಿದರು. ಬಾಣದ ಸುಳಿವಿಲ್ಲ.

"ನೆಟ್‌ವರ್ಕ್ ಸರ್," ಎಂದು ಪ್ರಿನ್ಸಿಪಾಲರು ಸೂರು ನೋಡಿದರು.

"ಅಲ್ಲ, ಕನ್ನಡಕಕ್ಕೆ ಪಂಪಿನ ಗುರುತೇ ಹತ್ತುತ್ತಿಲ್ಲ," ಅಂದಳು ತರುಣಿ. "ನೀವು ಕಳಿಸಿದ್ದ ಫೋಟೋದಲ್ಲಿ ಬೇರೆ ಥರ ಇತ್ತು."

"ಮುಖಕ್ಕೆ ಇಷ್ಟು ಪೌಡರ್ ಮೆತ್ತಿದ್ರೆ ಹೆತ್ತ ತಾಯಿಗೂ ಗುರುತು ಹತ್ತಲ್ಲ ಬಿಡಿ," ಅಂತ ಅಕ್ಕ ಬಣ್ಣ ಕರಗಿಸುವ ಥಿನ್ನರಿನಲ್ಲಿ ಬಟ್ಟೆ ಅದ್ದಿ ಪಂಪನ್ನು ಉಜ್ಜಿದಳು. ಅಚ್ಚಿನ ನಂಬರು, ಗೀರು, ತುಕ್ಕು ಒಂದೊಂದಾಗಿ ಹೊರಬಂದವು. ಬಾಣವೂ ಬಂತು.

ಅವಳಿಗೂ ಕನ್ನಡಕ ಹಾಕಿಸಿದರು. ಬಾಣ ಮೇಲಿನ ಬೋಲ್ಟು ತೋರಿಸುತ್ತಿತ್ತು.

"ಇದನ್ನ ಮೊದಲು ಬಿಚ್ಚಿದ್ರೆ ಒಳಗಿನ ನೀರೆಲ್ಲ ಸಾಹೇಬರ ಬೂಟಿಗೆ," ಅಂದಳು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಕೆಳಗಿನ ಬಿರಡೆ ತೆಗೆದು, ನೀರನ್ನು ಬಕೆಟ್ಟಿಗೆ ಇಳಿಸಿ, ಆಮೇಲೆ ಬೋಲ್ಟಿಗೆ ಪಾನಾ ಹಾಕಿದಳು.

"ಇದನ್ನ ಬರ್ಕೊಳಮ್ಮ," ಅಂದರು ಅಧಿಕಾರಿ. "ಸರಿ, ಬೋಧಕರು ಯಾರು?"

ಅಕ್ಕ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಪ್ರಿನ್ಸಿಪಾಲರು ಕೆಮ್ಮಿದರು. "ಹುದ್ದೆ ಖಾಲಿ ಇದೆ ಸರ್. ಇವಳು ಸಹಾಯಕಿ."

"ಡಿಪ್ಲೊಮಾ?"

"ಇಲ್ಲ ಸರ್," ಅಂತ ಅವಳೇ ಹೇಳಿದಳು.

"ಕೋಣೆ ಸರಿ, ಯಂತ್ರ ಸರಿ, ಕಲಿಸೋರೇ ಇಲ್ಲ. ಕಾಲೇಜು ಇನ್ನೂ ತಯಾರಾಗಿಲ್ಲ ಪ್ರಿನ್ಸಿಪಾಲರೇ." ಅರ್ಧ ಗಂಟೆಯಿಂದ ಅವಳ ಹತ್ತಿರ ಕಲಿತವರೇ ಹಾಗೆ ತೀರ್ಪು ಕೊಟ್ಟು ಚಹಾಕ್ಕೆ ನಡೆದರು.

ತರುಣಿ ಟ್ಯಾಬ್ ಮುಚ್ಚಲಿಲ್ಲ. ಅದರ ಫಾರಂನಲ್ಲಿ ಬೋಧಕರ ಹೆಸರಿನ ಚೌಕ ಖಾಲಿ ಇತ್ತು. "ಅಕ್ಕಾ, ನಾನು ಹೇಳಿ ನೋಡ್ತೀನಿ. ಆದರೆ ಡಿಪ್ಲೊಮಾ ನಂಬರ್ ಇಲ್ದೆ ಈ ಫಾರಂ ಮುಂದಕ್ಕೆ ಹೋಗಲ್ಲ."

"ಬೇಡ ತಾಯಿ. ಆ ಚೌಕದಲ್ಲಿ ನನ್ನ ಹೆಸರು ಒಂದ್ಸಲ ಬರೆದು ತೋರಿಸ್ತೀಯಾ?"

ಯಾರೂ ಕರೆಯದ ತನ್ನ ಪೂರ್ತಿ ಹೆಸರನ್ನು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಅಕ್ಷರಗಳು ಚೌಕದೊಳಗೆ ಸರಿಯಾಗಿ ಹಿಡಿಸಿದವು. ಅವಳು ಕೈ ಹಿಂದೆ ಕಟ್ಟಿಕೊಂಡು, ಗ್ರೀಸು ತಾಗದಷ್ಟು ದೂರದಿಂದ, ಎರಡು ಸಲ ಓದಿದಳು.

"ಸಾಕು. ಅವರು ಬರೋದ್ರೊಳಗೆ ಅಳಿಸಿಬಿಡಮ್ಮ."