ಚರ್ಚಿನ ಬಾಗಿಲಲ್ಲಿ ಪಾಟೀಲರ ಎತ್ತು

1953ರಲ್ಲಿ ಮಿಶನ್ನಿನವರು ನನ್ನನ್ನು ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿಗೆ ಕ್ರೈಸ್ತ ಸಭೆಯ ಮೇಲ್ವಿಚಾರಕಿಯಾಗಿ ಕಳಿಸಿದರು. ಸಂಖದಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಹಳ್ಳಿಯ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ, ಒಳ್ಳೆಯವರು, ಹೋದರೆ ಕೂಡಿಸಿ ಚಹಾ ಕೊಡುತ್ತಾರೆ. ಜತ್ತ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ಆಗಷ್ಟೇ ಕೆಲವು ವರ್ಷವಾಗಿತ್ತು. ರಾಜರ ಆಳಿಕೆ ಮುಗಿದಿತ್ತು. ಬಿಳಿಯ ಮಿಶನರಿಗಳೂ ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದರು. ಅವರು ಬಿಟ್ಟುಹೋದ ಸಭೆಗಳಿಗೆಲ್ಲ ಪಾದ್ರಿಗಳು ಸಾಲುತ್ತಿರಲಿಲ್ಲ. ಹಾಗಾಗಿ ನನ್ನಂಥ ಮದುವೆಯಾಗದ ಹೆಂಗಸರ ಪಾಲಿಗೆ ಆ ಕೆಲಸ ಬಂತು. ಪ್ರಾರ್ಥನೆ ನಡೆಸುವುದು, ಬೈಬಲ್ ಓದಿಸುವುದು, ಮನೆಮನೆಗೆ ಹೋಗುವುದು ನಮ್ಮದು. ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನದ ರೊಟ್ಟಿ ಮುರಿಯುವುದು ಮಾತ್ರ ಗುರುಪಟ್ಟ ಪಡೆದ ಪಾದ್ರಿಯ ಹಕ್ಕು. ಅವರು ಮೂರು ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಪಿಯಾನೊ ಬರುತ್ತಿತ್ತು, ಲೇಸ್ ಹೆಣೆಯಲು ಬರುತ್ತಿತ್ತು, ಎಂಥ ಕೆಟ್ಟ ವಾಸನೆ ಬಂದರೂ ಮುಖ ಕಿವುಚದೆ ಕೂತಿರಲು ಬರುತ್ತಿತ್ತು. ಎ ಲೇಡಿ ಡಸ್ ನಾಟ್ ನೋಟಿಸ್, ಎಂದು ನಮ್ಮ ಮದರ್ ಸುಪೀರಿಯರ್ ಹೇಳುತ್ತಿದ್ದರು. ಎಷ್ಟು ಚೆನ್ನಾದ ದಿನಗಳು ಅವು, ಎಷ್ಟು ಪ್ರಯೋಜನವಿಲ್ಲದವು.

ಕಳಿಸುವಾಗ ನಮ್ಮ ಪಾದ್ರಿಸಾಹೇಬರು ನನಗೆ ಹೇಳಿದ್ದು ಎರಡೇ ಮಾತು. "ಸಿಸ್ಟರ್, ಸಭೆ ಬೆಳೀಬೇಕು. ಊರವರ ಜತೆ ಗುಡ್ ರಿಲೇಶನ್ಸ್ ಇರಬೇಕು." ಎರಡನ್ನೂ ಒಟ್ಟಿಗೆ ಮಾಡಬಹುದೆಂದು ನಾನೂ ನಂಬಿದ್ದೆ.

ಸಭೆಯಲ್ಲಿದ್ದದ್ದು ಹದಿನೆಂಟು ಮನೆ, ಎಲ್ಲವೂ ಹೊಲಗೇರಿಯವು. ಊರಲ್ಲಿ ಯಾರ ದನ ಸತ್ತರೂ ಎಳೆದೊಯ್ದು ಹಳ್ಳದ ಆಚೆ ಹಾಕುವುದು ತಲೆತಲಾಂತರದಿಂದ ಆ ಕೇರಿಯ ತಲೆಗೆ ಕಟ್ಟಿದ ಕೆಲಸ. ಕ್ರೈಸ್ತರಾದ ದಿನವೇ ಅವರು ಒಂದು ನಿಯಮ ಮಾಡಿಕೊಂಡಿದ್ದರು: ಇನ್ನು ಮುಂದೆ ನಮ್ಮ ಕೈ ಸತ್ತ ದನದ ಹಗ್ಗ ಮುಟ್ಟುವುದಿಲ್ಲ. ಅದಕ್ಕಾಗಿ ಪೆಟ್ಟು ತಿಂದರು, ಕೂಲಿ ಕಳೆದುಕೊಂಡರು, ಆದರೂ ಬಗ್ಗಲಿಲ್ಲ. ಸಭೆಯ ಹಿರಿಯ ಸಮುವೇಲಪ್ಪ ಇದನ್ನು ಹೇಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದ. ಹುಡುಗನಾಗಿದ್ದಾಗ ಅಪ್ಪನ ಹಿಂದೆ ನಿಂತು ಆ ಹಗ್ಗ ಎಳೆದವನು ಅವನು. "ಹಗ್ಗಾ ಬಿಟ್ಟ ದಿನಾನ ನಮಗ ಬೆನ್ನೆಲುಬ ಮೂಡಿತ್ರಿ ಬಾಯಾರ" ಎನ್ನುತ್ತಿದ್ದ. ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ಆದರೆ ದನಗಳು ಸಾಯುವುದನ್ನು ಬಿಟ್ಟಿರಲಿಲ್ಲವಲ್ಲ! ಹಗ್ಗ ಹೊಲಗೇರಿಯಿಂದ ಮಾದರ ಕೇರಿಗೆ ಹೋಗಿತ್ತು, ಅಷ್ಟೇ. ಸಮುವೇಲಪ್ಪನ ಕಥೆಯಲ್ಲಿ ಈ ಭಾಗ ಇರುತ್ತಿರಲಿಲ್ಲ.

ಎರಡನೆಯ ವರ್ಷ, ಮಳೆಗಾಲದ ಶುರುವಿಗೆ, ಮಾದರ ಕೇರಿಯ ದುರ್ಗವ್ವ ನನ್ನ ಅಂಗಳಕ್ಕೆ ಬಂದು ನಿಂತಳು. ನಾನು ಅವಳ ಮೊಮ್ಮಗಳ ಕಿವಿಯ ಹುಣ್ಣಿಗೆ ಔಷಧಿ ಹಾಕಿ ವಾಸಿಮಾಡಿದ್ದೆ, ಅದೇ ಪರಿಚಯ. ಗಂಡ ತೀರಿಕೊಂಡವಳು, ಕೇರಿಯಲ್ಲಿ ಗಂಡಸರೂ ಅವಳ ಮಾತು ಕೇಳುತ್ತಿದ್ದರು.

"ನಾವು ಏಳು ಮನಿಯವರು ಮಾತಾಡಿಕೊಂಡೇವ್ರಿ. ನಿಮ್ಮ ಸ್ವಾಮೀನ್ನ ನಮಗೂ ಕೊಡ್ರಿ" ಅಂದಳು.

"ಯಾಕ ದುರ್ಗವ್ವಾ?" ಎಂದು ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು.

"ಸಮುವೇಲಪ್ಪನವರನ್ನ ನೋಡೇವಲ್ರಿ. ಎದಿ ಮ್ಯಾಲ ಮಾಡಿ ಅಡ್ಡಾಡ್ತಾರ."

ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನ ಸರ್ವಿಸ್ಸಿನಲ್ಲಿ ಇನ್ನೊಬ್ಬರಿಂದ ಕೇಳಿಲ್ಲ. ಆ ಏಳು ಮನೆಯವರಿಗಾಗಿ ಎನ್‌ಕ್ವೈರರ್ಸ್ ಕ್ಲಾಸ್ ಶುರುಮಾಡಿದೆ. ದೀಕ್ಷಾಸ್ನಾನ ಕೇಳಿ ಬಂದು ಇನ್ನೂ ಪಡೆಯದವರನ್ನು ಎನ್‌ಕ್ವೈರರ್ ಎನ್ನುತ್ತಾರೆ. ಅವರಿಗೆ ಕೆಲವು ತಿಂಗಳು ಪಾಠ ಆಗಬೇಕು. ಅವರ ಕೇರಿಯ ಬೇವಿನ ಗಿಡದ ಕೆಳಗೆ ಕೂತು ಹೇಳಿಕೊಟ್ಟೆ. ಪರಲೋಕದ ತಂದೆಯ ಪ್ರಾರ್ಥನೆಗಿಂತ ಮೊದಲು ಅವರು ಕಲಿತದ್ದು ಸಭೆಯ ನಿಯಮವನ್ನು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ಅವರೂ ಹಗ್ಗ ಮುಟ್ಟುವುದನ್ನು ಬಿಟ್ಟರು. ನಾನು ಪಾದ್ರಿಸಾಹೇಬರಿಗೆ ತಿಳಿಸಿದೆ. ಅವರು ಬಹಳ ಖುಷಿಯಾಗಿ, ಅಕ್ಟೋಬರಿನ ಒಂದು ರವಿವಾರ ತಾವೇ ಬಂದು ದೀಕ್ಷಾಸ್ನಾನ ಕೊಡುವುದಾಗಿ ಹೇಳಿಕಳಿಸಿದರು.

ಆ ರವಿವಾರಕ್ಕೆ ಮೊದಲಿನ ಬುಧವಾರ ಊರ ಮುಖ್ಯಸ್ಥರಾದ ಪಾಟೀಲರ ಎತ್ತು ಸತ್ತಿತು. ಏಳು ಮನೆಯವರು ಹಗ್ಗ ಬಿಟ್ಟ ಮೇಲೆ ಊರಲ್ಲಿ ಸತ್ತ ಮೊದಲ ದನ ಅದು. ಹಿಂಗಾರಿ ಬಿತ್ತನೆಯ ಹೊತ್ತು. ಎಳೆ ಜೋಳ ಮೇಯ್ದು ಹೊಟ್ಟೆಯುಬ್ಬಿ ಬಿದ್ದುಬಿಟ್ಟಿತ್ತು. ಮಾದರ ಕೇರಿಗೆ ಕರೆ ಹೋಯಿತು. ಯಾರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಚರ್ಚಿನ ಪಕ್ಕದ ನನ್ನ ಮನೆಯ ಬಾಗಿಲು ತೆರೆದರೆ ಎತ್ತು ಚರ್ಚಿನ ಮೆಟ್ಟಿಲಿಗೆ ತಾಗಿಕೊಂಡು ಬಿದ್ದಿತ್ತು. ಕಾಲು ನಾಲ್ಕೂ ಸೆಟೆದು ನಿಂತಿದ್ದವು. ನಾಲಿಗೆ ಹೊರಗೆ ಬಂದು ಅದರ ಮೇಲೆ ನೊಣ ಕಪ್ಪಗೆ ಮೆತ್ತಿಕೊಂಡಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ಪಾಟೀಲರ ದನದ ಕೊಟ್ಟಿಗೆಯಿಂದ ಹಳ್ಳ ಹತ್ತಿರ, ಚರ್ಚು ದೂರ. ಹಳ್ಳದ ತನಕ ಎಳೆದರೆ ಮೈಲಿಗೆಯಾಗುವ ಆಳುಗಳು ಅದಕ್ಕೆ ಎರಡರಷ್ಟು ದಾರಿ ಎಳೆದು ನಮ್ಮ ಬಾಗಿಲಿಗೆ ತಂದಿದ್ದರು. ಕೈ ತಾಗಬಾರದೆಂದು ಕೋಲಿನಿಂದ ಕೊಂಬಿಗೆ ಹಗ್ಗ ಸಿಕ್ಕಿಸಿ, ಬದುಕಿದ್ದ ಒಂದು ಜೋಡಿ ಎತ್ತು ಹೂಡಿ ಎಳೆಸಿದರಂತೆ. ಸೋ ದೇ ಕುಡ್, ಯು ಸೀ. ಎಳೆಯಲು ಬರುವುದಿಲ್ಲ ಎನ್ನುವುದು ಎಂದೂ ಪ್ರಶ್ನೆಯಾಗಿರಲಿಲ್ಲ.

ಪಾಟೀಲರ ದೊಡ್ಡ ಮನೆಗೆ, ವಾಡೆಗೆ ಹೋದೆ. ಪಾಟೀಲರು ಸಭ್ಯರು. ಹೊರಕಟ್ಟೆಯ ಮೇಲೆ ಚಾಪೆ ಹಾಸಿಸಿ "ಬರ್ರಿ ಬಾಯಾರ, ಕುಂದ್ರಿ" ಎಂದು, ನಮ್ಮಂಥವರಿಗಾಗಿ ಗೂಡಿನಲ್ಲಿ ಬೇರೆ ಇಟ್ಟಿದ್ದ ಕಪ್ಪಿನಲ್ಲಿ ಚಹಾ ಹಾಕಿಸಿದರು.

"ನಾ ಏನೂ ಜಗಳಾ ತಗಿಯೂದಿಲ್ರಿ. ಎಳೀಬ್ಯಾಡ್ರಂತ ಕಲಿಸಿದವರು ನೀವು. ಅದಕ್ಕ ನಿಮ್ಮ ಬಾಗಲಕ್ಕ ಕಳಿಸೇನಿ. ಕಲಿಸಿದವರಽ ಎಳೀಲಿ."

ನಾನು ಚಹಾ ಮುಟ್ಟದೆ ಎದ್ದೆ. ಗುಡ್ ರಿಲೇಶನ್ಸ್ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಊರಿನ ಮೇಲೆ ನನಗೆ ಬಂದ ಹೇಸಿಕೆ ಸಣ್ಣದು. ದೊಡ್ಡದು ನಮ್ಮ ಮನೆಯೊಳಗೇ ಕಾದಿತ್ತು.

ಮಧ್ಯಾಹ್ನ ಹಿರಿಯರು ನನ್ನ ಜಗುಲಿಯ ಮೇಲೆ ಸೇರಿದರು. ಅಲ್ಲಿಗೂ ನಾತ ಬರುತ್ತಿತ್ತು. ಸಮುವೇಲಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಸಮಾಧಾನವಾಗಿ ಹೇಳಿದ: "ಇದರಾಗ ತ್ರಾಸ ಏನೂ ಇಲ್ರಿ ಬಾಯಾರ. ದುರ್ಗವ್ವನ ಮಂದೀಗೆ ಹೇಳ್ರಿ, ಎಳದ ಹಾಕ್ತಾರ."

"ಅವರಿಗೆ ಎಳೀಬ್ಯಾಡ ಅಂತ ಕಲಿಸಿದ್ದು ನಾವಽ ಅಲ್ಲೇನು?"

"ಹೌದ್ರಿ. ಆದ್ರ ನೇಮ ಇರೂದು ದೀಕ್ಷಾಸ್ನಾನ ಆದವರಿಗೆ. ಅವರಿಗಿನ್ನೂ ಆಗಿಲ್ಲಲ್ರಿ. ರವಿವಾರತನಾ ಅವರು ಎಳೀಬಹುದು."

ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ. ಉಳಿದವರೂ ತಲೆಯಾಡಿಸುತ್ತಿದ್ದರು. ಇಷ್ಟು ಸಣ್ಣ ಸಂದಿಯನ್ನು ಅವರು ಇಷ್ಟು ಬೇಗ ಹುಡುಕಿದ್ದರು! ಹಗ್ಗ ಹಿಡಿದ ಅಪ್ಪನಿಗಾಗಿ ಅತ್ತವನ ಬಾಯಿಂದ ಬಂದ ಮಾತು ಇದು. ಆ ಎತ್ತಿನ ನಾಲಿಗೆಯ ಮೇಲಿನ ನೊಣ ನನ್ನ ನಾಲಿಗೆಯ ಮೇಲೆ ಕೂತಂತಾಯಿತು.

"ಆ ಮಾತು ನಾನು ದುರ್ಗವ್ವಗ ಹೇಳೂದಿಲ್ಲ" ಎಂದೆ. "ನಾವಽ ಎಳೆಯೋಣು. ನಾನು ಹಗ್ಗ ಹಿಡೀತೇನಿ. ಯಾರು ಬರ್ತೀರಿ?"

ಯಾರೂ ಅಲ್ಲಾಡಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಮುದುಕಿ ಮಾರ್ತವ್ವ, ನನಗೆ ಅಡಿಗೆ ಮಾಡಿ ಹಾಕುತ್ತಿದ್ದವಳು, ಸೊಂಟ ಹಿಡಿದುಕೊಂಡು ಎದ್ದಳು. "ನಾ ಬರ್ತೇನ್ರಿ. ಒಂದ ಕಾಲು ನಂದು, ಉಳದ ಮೂರು ನಿಮ್ಮವು. ಬಾಲಾ ಸಮುವೇಲಪ್ಪಣ್ಣ ಹಿಡೀಲಿ, ಅವಗ ಹಗರ ಆಕ್ಕತಿ."

ಒಬ್ಬಿಬ್ಬರು ನಕ್ಕರು. ಸಮುವೇಲಪ್ಪ ನಗಲಿಲ್ಲ. "ಬಾಯಾರ, ನೀವು ಹಗ್ಗಾ ಮುಟ್ಟಿದ್ರ ಊರು ಏನಂತೈತಿ? ಕಿರಸ್ತಾನರು ಮತ್ತ ಎಳ್ಯಾಕ ಚಾಲೂ ಮಾಡಿದ್ರು ಅಂತೈತಿ. ಇಷ್ಟು ವರ್ಷದ ಮರ್ಯಾದಿ ಮಣ್ಣಾಗ ಹೋಕ್ಕೈತಿ" ಎಂದ. ಒಂದು ಎತ್ತನ್ನು ಎಳೆಯಲು ಹತ್ತು ಕೈ ಬೇಕು. ಎರಡು ಹೆಂಗಸರ ನಾಲ್ಕು ಕೈಯಿಂದ ಆಗದು.

ಎತ್ತು ಅಲ್ಲೇ ಉಳಿಯಿತು. ಶುಕ್ರವಾರ ಹೊಟ್ಟೆ ಒಡೆಯಿತು. ನಾಯಿಗಳು ಏನೇನೋ ಎಳೆದುಕೊಂಡು ಚರ್ಚಿನ ಜಗುಲಿ ಹತ್ತಿದವು. ಪ್ರಭುಭೋಜನದ ಬಿಳಿ ಬಟ್ಟೆಯನ್ನು ಒಗೆದು ಒಣಗಹಾಕಿದರೆ ಅದಕ್ಕೂ ನಾತ. ಇಡೀ ಕೇರಿ ಮೂಗಿಗೆ ಸೆರಗು ಕಟ್ಟಿಕೊಂಡು ಅಡಿಗೆ ಮಾಡಿತು. ಆದರೂ ಹದಿನೆಂಟು ಮನೆಯ ಒಬ್ಬ ಗಂಡಸೂ ಹೊರಗೆ ಬರಲಿಲ್ಲ. ಪಡುಗಾಳಿ ಇನ್ನೂ ಬೀಸುತ್ತಿತ್ತು. ಊರು ಪಶ್ಚಿಮಕ್ಕೆ, ನಮ್ಮ ಕೇರಿ ಪೂರ್ವಕ್ಕೆ. ನಾತವೆಲ್ಲ ನಮ್ಮ ಮೇಲೆಯೇ ಬಂದು ಮುಂದೆ ಹೊಲಕ್ಕೆ ಹೋಗುತ್ತಿತ್ತು. ಕೇರಿಗಳನ್ನು ಯಾವ ದಿಕ್ಕಿಗೆ ಇಡಬೇಕೆಂದು ಹಿಂದಿನವರು ಯೋಚಿಸಿಯೇ ಇಟ್ಟಿದ್ದರು.

ಪಾದ್ರಿಸಾಹೇಬರ ಮೇಲೆ ಭರವಸೆಯಿಟ್ಟು ರವಿವಾರಕ್ಕೆ ಕಾದೆ. ಥಿಯಾಲಜಿ ಓದಿದವರು, ಒಂದೇ ಮಾತಿನಲ್ಲಿ ಸಮುವೇಲಪ್ಪನ ಬಾಯಿ ಮುಚ್ಚಿಸುತ್ತಾರೆ ಎಂದು.

ಅವರು ಬಂದರು, ಕರ್ಚೀಫು ಮೂಗಿಗೊತ್ತಿಕೊಂಡೇ ಗಾಡಿಯಿಂದ ಇಳಿದರು. ನನ್ನದೂ ಕೇಳಿದರು, ಸಮುವೇಲಪ್ಪನದೂ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಹಿರಿಯರು ಹೇಳೋದ್ರಲ್ಲಿ ಪಾಯಿಂಟ್ ಇದೆ, ಸಿಸ್ಟರ್. ಒಂದೇ ಸಲ ಎಳೀಲಿ. ಪಾಟೀಲರಿಗೂ ಸಮಾಧಾನ. ಎಳೆದು, ಸ್ನಾನ ಮಾಡಿ ಬರಲಿ, ಇವತ್ತೇ ದೀಕ್ಷೆ ಕೊಟ್ಟುಬಿಡ್ತೀನಿ. ಬಿ ಪ್ರ್ಯಾಕ್ಟಿಕಲ್."

ಬೆಳವಣಿಗೆಯೂ ಆಯಿತು, ಗುಡ್ ರಿಲೇಶನ್ಸೂ ಆಯಿತು. ಒಂದೇ ಎತ್ತಿನಲ್ಲಿ ಎರಡೂ. ಕಾನ್ವೆಂಟಿನಲ್ಲಿ ಕಲಿತ ವಿದ್ಯೆ ಆಗ ನನ್ನ ಕೈಬಿಟ್ಟಿತು. ಅವರ ಎದುರಿಗೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇಲಿಯ ಬದಿಗೆ ಹೋಗಿ ವಾಂತಿ ಮಾಡಿದೆ. ವಾಸನೆಗೆ, ಎಂದು ಅವರು ತಿಳಿದುಕೊಂಡರು.

ಅಷ್ಟರಲ್ಲಿ ದುರ್ಗವ್ವನ ಮಂದಿ ಬಂದರು. ಒಗೆದ ಸೀರೆ, ಒಗೆದ ಧೋತರ, ಮಕ್ಕಳ ತಲೆಗೆ ಎಣ್ಣೆ. ಸಮುವೇಲಪ್ಪ ಎತ್ತಿನ ಈಚೆ ಹೊಸ ಹಗ್ಗ ಹಿಡಿದು ನಿಂತಿದ್ದ. ಪಾದ್ರಿಸಾಹೇಬರು ಅವರಿಗೆ ನಯವಾಗಿಯೇ ವಿಷಯ ತಿಳಿಸಿದರು. ನಾನು ನಡುವೆ ಬಾಯಿ ಹಾಕಿ, "ಬ್ಯಾಡ ದುರ್ಗವ್ವಾ, ಇದು ಸುಳ್ಳು ನೇಮ" ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಹಗ್ಗವನ್ನೇ ನೋಡುತ್ತಿದ್ದಳು.

"ಸಮುವೇಲಪ್ಪಣ್ಣಾ, ಹಗ್ಗಾ ಹೊಸಾದೈತಲ್ಲ" ಅಂದಳು. "ನಮ್ಮ ಸಲುವಾಗಿ ತಂದ್ಯೋ?"

ಅವನು ಹಗ್ಗವನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಎಳೀರಿ, ಆಮ್ಯಾಲ ಒಳಗ ಬರ್ರಿ ಅಂತೀರಿ. ಎಳಸೂ ಸ್ವಾಮಿಗಳು ನಮ್ಮೂರಾಗ ಮೊದಲ ಭಾಳ ಮಂದಿ ಅದಾರ್ರಿ ಸಾಹೇಬ್ರ. ಮತ್ತೊಬ್ಬ ಬ್ಯಾಡ."

ಅಷ್ಟೇ. ಮಗುವೊಂದನ್ನು ಸೊಂಟಕ್ಕೆತ್ತಿಕೊಂಡು ತಿರುಗಿದಳು. ಏಳು ಮನೆಯೂ ಅವಳ ಹಿಂದೆ ಹೋಯಿತು. ಎಣ್ಣೆ ಹಚ್ಚಿದ ತಲೆಗಳು ಬಿಸಿಲಿಗೆ ಮಿಂಚುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮಾರ್ತವ್ವ ನೆಲಕ್ಕೆ ಉಗುಳಿದಳು. ಯಾರ ಮೇಲೆ ಎಂದು ಕೇಳುವ ಅಗತ್ಯವಿರಲಿಲ್ಲ.

ಪಾದ್ರಿಸಾಹೇಬರು ಕಿಟಕಿ ಮುಚ್ಚಿಸಿ ಅವಸರದಲ್ಲಿ ಪ್ರಭುಭೋಜನ ನಡೆಸಿದರು. ನಾನು ಬಾಗಿಲ ಬಳಿಯೇ ನಿಂತಿದ್ದೆ, ದ್ರಾಕ್ಷಾರಸದ ಪಾತ್ರೆಗೆ ಕೈ ಚಾಚಲಿಲ್ಲ.

ಎತ್ತನ್ನು ಕೊನೆಗೆ ಸಾಗಿಸಿದ್ದು ಗಾಳಿ. ಆ ಸಂಜೆ ಗಾಳಿ ತಿರುಗಿ ಮೂಡಣದಿಂದ ಬೀಸತೊಡಗಿತು. ಮಳೆ ಹಿಂದೆ ಸರಿಯುವಾಗ ಪ್ರತಿ ವರ್ಷ ತಿರುಗುತ್ತದೆ. ನಾತವೆಲ್ಲ ನೆಟ್ಟಗೆ ವಾಡೆಯ ಮೇಲೆ ಹೋಯಿತು. ಪಾಟೀಲರ ತಾಯಿ ಊಟ ಬಿಟ್ಟು ಮಲಗಿದರಂತೆ. ಸೋಮವಾರ ಬೆಳಿಗ್ಗೆ ಅದೇ ಆಳುಗಳು, ಅದೇ ಕೋಲು, ಅದೇ ಜೋಡಿ ಎತ್ತು ಬಂದವು. ಬಿಸಿಲೇರುವುದರೊಳಗೆ ಸತ್ತ ಎತ್ತು ಹಳ್ಳದ ಆಚೆ ಬಿದ್ದಿತ್ತು. ಯಾರ ಜಾತಿಯೂ ಕೆಡಲಿಲ್ಲ. ಆಳುಗಳು ಬಾವಿಗೆ ಹೋಗಿ ಸ್ನಾನ ಮಾಡಿ ಬಿತ್ತನೆಗೆ ನಡೆದರು.

ನಾನು ದುರ್ಗವ್ವನ ಕೇರಿಗೆ ಹೋಗುವುದನ್ನು ಬಿಡಲಿಲ್ಲ. ಅವಳು ನನ್ನನ್ನು ಕೂಡಿಸಿ ಮಾತಾಡಿಸುತ್ತಿದ್ದಳು, ಮಕ್ಕಳ ಹುಣ್ಣು ತೋರಿಸುತ್ತಿದ್ದಳು. ಸ್ವಾಮಿಯ ಮಾತೆತ್ತಿದರೆ ಮಾತ್ರ, "ಬಾಯಾರ, ಆ ಮಾತ ಬಿಡ್ರಿ, ನೀವು ಚಲೋ ಮಂದಿ" ಎಂದು ನಗುತ್ತಿದ್ದಳು. ಆ ಏಳು ಮನೆಯವರು ಮತ್ತೆಂದೂ ಚರ್ಚಿಗೆ ಬರಲಿಲ್ಲ. ಮತ್ತೆಂದೂ ಹಗ್ಗವನ್ನೂ ಹಿಡಿಯಲಿಲ್ಲ. ಊರು ಒಂದು ಸಲ ತನ್ನ ದನ ತಾನೇ ಎಳೆದಿತ್ತು. ಎಳೆಯಲು ಬರುತ್ತದೆಂದು ಎಲ್ಲರೂ ಕಂಡಿದ್ದರು. ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬರ ಎಮ್ಮೆ ಸತ್ತಾಗ ಮಾದರ ಕೇರಿಗೆ ಕರೆಯೇ ಹೋಗಲಿಲ್ಲ.

ನಾವು ದೀಕ್ಷಾಸ್ನಾನದ ಜತೆಗೆ ಕೊಡುತ್ತೇವೆಂದದ್ದನ್ನು ಅವರು ನಮ್ಮಿಂದ ದೂರ ನಡೆದು ಪಡೆದುಕೊಂಡರು. ಮುಂದೆ ಎಷ್ಟೋ ಸಭೆಗಳಲ್ಲಿ ಕೆಲಸ ಮಾಡಿದೆ, ಬೆಳವಣಿಗೆಯ ಬಗ್ಗೆ ಎಷ್ಟೋ ಕಾನ್ಫರೆನ್ಸುಗಳಲ್ಲಿ ಕೂತೆ. ಬಾಗಿಲು ಎಷ್ಟು ಅಗಲ ತೆರೆಯಬೇಕು ಎಂದು ಅಲ್ಲಿ ಎಲ್ಲರೂ ಮಾತಾಡುತ್ತಿದ್ದರು. ನನ್ನ ವೃತ್ತಿ ನನಗೆ ಕಲಿಸಿದ್ದು ಬೇರೆ. ಒಂದು ಸಭೆ ತನ್ನ ಹಳೆಯ ಹೊರೆಯನ್ನು ಎಲ್ಲಿ ಇಳಿಸಿದೆ, ಅದು ಈಗ ಯಾರ ಹೆಗಲ ಮೇಲಿದೆ ಎಂಬುದನ್ನು ನೋಡದೆ ಯಾರನ್ನೂ ಒಳಗೆ ಕರೆಯಬಾರದು. ಕರೆದರೆ ನಾವು ಎಂಥವರೆಂಬುದನ್ನು ಅವರು ನೋಡಿಬಿಡುತ್ತಾರೆ, ದುರ್ಗವ್ವ ನೋಡಿದ ಹಾಗೆ.